ಹೆಚ್ಚಳವೂ ಒಂದು ಸುಳಿವು



ಬಯೋಟಿನ್ ಎಂಬ ಬಿ ಗುಂಪಿನ ಜೀವಸತ್ವವನ್ನು ದೇಹವು ಒಮ್ಮೆ ಬಳಸಿ ಬಿಸಾಡುವುದಿಲ್ಲ. ಅದು ಕೆಲವು ಕಿಣ್ವಗಳಿಗೆ ಅಂಟಿಕೊಂಡು ದುಡಿಯುತ್ತದೆ. ಆ ಕಿಣ್ವಗಳು ಸವೆದು ಒಡೆದಾಗ ಲೈಸಿನ್ ಎಂಬ ಅಮೈನೋ ಆಮ್ಲದೊಡನೆ ಗಂಟುಬಿದ್ದು ಉಳಿಯುತ್ತದೆ. ಆ ಗಂಟನ್ನು ಬಿಡಿಸಿ ಬಯೋಟಿನ್ನನ್ನು ಮರಳಿ ಕೆಲಸಕ್ಕೆ ಹಚ್ಚುವ ಕಿಣ್ವವೇ ಬಯೋಟಿನಿಡೇಸ್. ಯಕೃತ್ತು ಅದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ.

ಹುಟ್ಟಿನಿಂದಲೇ ಈ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಸೆಳವು, ಚರ್ಮದ ದದ್ದು, ಕಿವುಡುತನ ಕಾಣಿಸಿಕೊಳ್ಳಬಹುದು. ಬಯೋಟಿನ್ ಗುಳಿಗೆಯಿಂದ ಇದನ್ನು ತಡೆಯಬಹುದೆಂದು ತಿಳಿದ ಮೇಲೆ, 1984ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ನವಜಾತ ಶಿಶುಗಳ ತಪಾಸಣೆ ಆರಂಭವಾಯಿತು. ಅಂದಿನಿಂದ ಪ್ರಯೋಗಾಲಯದ ಕಣ್ಣು ನೆಟ್ಟದ್ದು ಕೆಳಗಿನ ಅಂಕಿಯ ಮೇಲೆ. ಹೆಚ್ಚಿದ್ದರೆ? ‘ಕೊರತೆಯಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವುದು ರೂಢಿ.

ಆದರೆ ಆ ಹೆಚ್ಚಳಕ್ಕೂ ಹೇಳುವುದಿದೆ. ಗ್ಲೈಕೋಜನ್ ಶೇಖರಣಾ ರೋಗದ ಮೊದಲನೆಯ ಬಗೆಯನ್ನು ನೋಡಿ. ವಾನ್ ಗೀರ್ಕೆ ಇದನ್ನು 1929ರಲ್ಲಿ ವಿವರಿಸಿದರು. ಗ್ಲೂಕೋಸ್-6-ಫಾಸ್ಫಟೇಸ್ ಕಿಣ್ವದ ಅಭಾವವೇ ಕಾರಣವೆಂದು ಕೋರಿ ದಂಪತಿ 1952ರಲ್ಲಿ ತೋರಿಸಿದರು. ಯಕೃತ್ತಿನ ಕಣಜ ತುಂಬಿ ತುಳುಕುತ್ತದೆ, ಬಾಗಿಲಿಗೆ ಮಾತ್ರ ಬೀಗ. ಹೊಟ್ಟೆ ಉಬ್ಬಿದ ಕೂಸು ಕೆಲವು ತಾಸು ಹಾಲಿಲ್ಲದೆ ಮಲಗಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಹಿಂದೆ ರೋಗವನ್ನು ಖಚಿತಪಡಿಸಲು ಯಕೃತ್ತಿಗೆ ಸೂಜಿ ಚುಚ್ಚಿ ತುಣುಕು ತೆಗೆಯಬೇಕಿತ್ತು. ಅದೂ ಮೂಗಿನಿಂದ ಸುಲಭವಾಗಿ ರಕ್ತ ಸೋರುವಂಥ ಮಕ್ಕಳಿಗೆ!

ಇಂಥ ಮಕ್ಕಳ ರಕ್ತಸಾರದಲ್ಲಿ ಬಯೋಟಿನಿಡೇಸ್ ಚಟುವಟಿಕೆ ಸಾಮಾನ್ಯ ಮಟ್ಟವನ್ನು ಮೀರಿರುತ್ತದೆ. 2007ರಲ್ಲಿ ಜ್ಯೂರಿಕ್‌ನ ಸಂಶೋಧಕರು ಇದನ್ನು ಅನುಕೂಲಕರ ಸೂಚಕವೆಂದು ಮಂಡಿಸಿದರು. ಸೂಚಕವೆಂದರೆ ತೀರ್ಪಲ್ಲ, ಗ್ಲೈಕೋಜನ್ ರೋಗದ ಬೇರೆ ಬಗೆಗಳಲ್ಲೂ ಏರಿಕೆ ಕಾಣುವುದುಂಟು, ಕೊನೆಯ ಮಾತು ವಂಶವಾಹಿ ಪರೀಕ್ಷೆಯದೇ. ಆದರೆ ಆ ದುಬಾರಿ ಪರೀಕ್ಷೆಗೆ ಯಾವ ಮಗುವನ್ನು ಮೊದಲು ಕಳಿಸಬೇಕೆಂಬುದನ್ನು ಅಗ್ಗದ ಪರೀಕ್ಷೆಯೊಂದು ಹೇಳಿದರೆ, ಬಡ ತಂದೆತಾಯಿಗಳಿಗೆ ಅದು ಸಣ್ಣ ಸಂಗತಿಯಲ್ಲ.

ಇಲ್ಲೊಂದು ಎಚ್ಚರ ಅಗತ್ಯ. ಬಯೋಟಿನಿಡೇಸ್ ಬಿಸಿಲನ್ನು ತಾಳದು. ಶೈತ್ಯವಿಲ್ಲದೆ ದೂರದ ಪ್ರಯೋಗಾಲಯಕ್ಕೆ ಸಾಗಿದ ಮಾದರಿಯಲ್ಲಿ ಚಟುವಟಿಕೆ ಕುಗ್ಗಿ, ಏರಿದ್ದ ಅಂಕಿಯೂ ಸಹಜವೆಂಬಂತೆ ತೋರಬಹುದು. ಯಕೃತ್ತೇ ಸೋತಿದ್ದರೂ ಅಷ್ಟೇ. ತಯಾರಿಸುವ ಶಕ್ತಿಯೇ ಉಡುಗಿರುತ್ತದೆ. ಆದ್ದರಿಂದ ಏರಿಕೆ ಅನುಮಾನವನ್ನು ಬಲಪಡಿಸುತ್ತದೆ. ಏರಿಕೆಯಿಲ್ಲದಿರುವುದು ಅನುಮಾನವನ್ನು ಅಳಿಸುವುದಿಲ್ಲ.

ಬೇಗ ತಿಳಿದರೆ ಮಾಡಲು ಕೆಲಸವಿದೆ. ಹಸಿ ಮೆಕ್ಕೆಜೋಳದ ಪಿಷ್ಟವನ್ನು ನೀರಿನಲ್ಲಿ ಕದಡಿ ಹೊತ್ತುಹೊತ್ತಿಗೆ ಕುಡಿಸುವ ಚಿಕಿತ್ಸೆ ಪ್ರಕಟವಾದದ್ದೂ 1984ರಲ್ಲೇ, ಕಾಕತಾಳೀಯವಾಗಿ. ಬೇಯಿಸದ ಪಿಷ್ಟ ನಿಧಾನವಾಗಿ ಕರಗಿ ಸಕ್ಕರೆಯನ್ನು ಹಿಡಿದಿಡುತ್ತದೆ. ಪ್ರಯೋಗಾಲಯಗಳು ವರದಿಯಲ್ಲಿ ಕೆಳಮಿತಿಯ ಪಕ್ಕದಲ್ಲಿ ಮೇಲ್ಮಿತಿಯನ್ನೂ ಮುದ್ರಿಸಲಿ. ಉಬ್ಬಿದ ಹೊಟ್ಟೆಯ ಕೂಸನ್ನು ನೋಡುತ್ತಿರುವ ವೈದ್ಯರು ಅದನ್ನೂ ಓದಲಿ.