ಕಾಯುವವರು ಯಾರು?
ದೇಸಿ ಭತ್ತದ ಬೆಳೆಗಾರರೂ ಆಹಾರೋದ್ಯಮವೂ



ಮಂಡ್ಯದ ನೆಲದಲ್ಲಿ ನಿಂತು ಬೆಳೆಗಾರನಿಗೂ ಕಾರ್ಖಾನೆಗೂ ಇರತಕ್ಕ ಸಂಬಂಧವನ್ನು ಕುರಿತು ಮಾತನಾಡಹೊರಟವನು ಕಬ್ಬಿನಿಂದಲೇ ಆರಂಭಿಸಬೇಕಾಗುತ್ತದೆ. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಬಂದು ರಾಗಿ ಹುರುಳಿಗಳ ಬೆದ್ದಲು ಗದ್ದೆಯಾಗಿ ಮಾರ್ಪಡುತ್ತಿದ್ದ ಕಾಲದಲ್ಲಿ, ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಒತ್ತಾಸೆಯೂ ಸೇರಿ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತಷ್ಟೆ. ಅಂದಿನಿಂದ ಕಬ್ಬು ಸಾಗಿಸುವುದನ್ನೂ ಸಾಗಿಸಿದ ಕಬ್ಬಿನ ಹಣಕ್ಕಾಗಿ ಕಾಯುವುದನ್ನೂ ಈ ಜಿಲ್ಲೆ ಒಟ್ಟಿಗೇ ಕಲಿತಿತು. ಆ ಕಾಯುವಿಕೆಗೆ ಎಲ್ಲೆ ಕಟ್ಟಿದುದು 1966ರ ಕಬ್ಬು ನಿಯಂತ್ರಣ ಆದೇಶ ಹಾಗೂ ಅದರ ತಿದ್ದುಪಡಿಗಳು: ಕಬ್ಬು ತಲುಪಿದ 14 ದಿನಗಳೊಳಗೆ ಹಣ ಸಲ್ಲತಕ್ಕದ್ದು, ತಪ್ಪಿದರೆ ವರ್ಷಕ್ಕೆ ಶೇಕಡ 15ರ ಬಡ್ಡಿ ಸಲ್ಲತಕ್ಕದ್ದು. ಅದು ಎಷ್ಟು ಸಲ ಪಾಲನೆಯಾಯಿತು, ಎಷ್ಟು ಸಲ ಹೆದ್ದಾರಿಯಲ್ಲಿ ಕುಳಿತು ಅದನ್ನು ನೆನಪು ಮಾಡಿಕೊಡಬೇಕಾಯಿತು ಎಂಬುದನ್ನು ಈ ಸಭೆಗೆ ನಾನು ಹೇಳಬೇಕಾದುದಿಲ್ಲ. ಆದರೂ ವಿಧಿಯೊಂದು ಇದೆ; ಬೆರಳಿಟ್ಟು ತೋರಿಸಲು ಕಾಗದದ ಮೇಲೆ ಒಂದು ಸಾಲು ಇದೆ.

ಸಾವಯವದಲ್ಲಿ ದೇಸಿ ಭತ್ತವನ್ನು ಬೆಳೆಯುವವನಿಗೆ ಅಂಥ ಒಂದು ಸಾಲೂ ಇಲ್ಲ. ರಾಜಮುಡಿ, ರತ್ನಚೂಡಿ, ಗಂಧಸಾಲೆ, ನವರ ಮುಂತಾದ ಹೆಸರುಗಳು ನಗರದ ಅಂಗಡಿಗಳ ಕಾಗದದ ಚೀಲಗಳ ಮೇಲೆ ಚಿತ್ರಸಹಿತವಾಗಿ ಶೋಭಿಸುತ್ತಿರುವ ಈ ಕಾಲದಲ್ಲಿ, ಅವನ್ನು ಬೆಳೆದವನಿಗೂ ಚೀಲಕ್ಕೆ ತುಂಬಿದವನಿಗೂ ನಡುವೆ ಆದ ಮಾತುಕತೆ ಬಹುಪಾಲು ದೂರವಾಣಿಯಲ್ಲಿ ಮುಗಿದಿರುತ್ತದೆ. ಆ ಮಾತುಕತೆಯಲ್ಲಿ ಬೆಲೆಯ ಪ್ರಸ್ತಾಪವುಂಟು, ಕಾಲದ ಪ್ರಸ್ತಾಪವಿಲ್ಲ. ಈ ವ್ಯವಹಾರದ ಅನ್ಯಾಯವಾದರೋ ಬೆಲೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಕಾಲದಲ್ಲಿದೆ ಎಂಬುದೇ ನಾನು ಇಲ್ಲಿ ನಿವೇದಿಸಬೇಕೆಂದಿರುವ ವಿಷಯ.

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿಗೆ ಹೋದವರು ಸೈಯದ್ ಘನಿಖಾನರ ಭತ್ತದ ಸಂಗ್ರಹವನ್ನು ಕಂಡಿರಬಹುದು. ಟಿಪ್ಪುವಿನ ಕಾಲದ್ದೆಂದು ಪ್ರತೀತಿಯಿರುವ ಬಡಾ ಬಾಗ್ ಎಂಬ ಮಾವಿನ ತೋಪಿನ ಒಡೆಯರಾದ ಇವರು ಸಾವಿರಕ್ಕೂ ಮಿಕ್ಕ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಉಳಿಸುವುದೆಂದರೆ ಗಾಜಿನ ಕುಪ್ಪಿಯಲ್ಲಿಟ್ಟು ಮುಚ್ಚಳ ಬಿಗಿಯುವುದಲ್ಲ. ಮನೆಯಲ್ಲಿಟ್ಟ ಭತ್ತದ ಬೀಜ ಹೆಚ್ಚು ವರ್ಷ ಮೊಳಕೆಯ ಶಕ್ತಿಯನ್ನು ಹಿಡಿದಿರದು. ಆದುದರಿಂದ ಒಂದೊಂದು ತಳಿಗೂ ಕಿರಿದಾದ ಪಾತಿಯನ್ನು ಮೀಸಲಿಟ್ಟು, ಒಟ್ಲು ಹಾಕಿ, ನಾಟಿ ಮಾಡಿ, ಹೊಡೆ ಒಡೆದಾಗ ಸಾಲು ಸಾಲಾಗಿ ನಡೆದು ಬೆರಕೆ ತೆನೆಯನ್ನು ಕಿತ್ತೆಸೆದು, ಬೇರೆಬೇರೆಯಾಗಿ ಕೊಯ್ದು ಬಡಿದು ಒಣಗಿಸಿ ಕಟ್ಟಿಡಬೇಕು. ಆ ಪಾತಿಯಿಂದ ಮಾರುಕಟ್ಟೆಗೆ ಹೋಗುವುದು ಏನೂ ಇಲ್ಲ. ಕಂಪೆನಿಯೊಂದು ಹತ್ತು ವರ್ಷಗಳ ತರುವಾಯ ಕೆಂಪಕ್ಕಿಗೆ ಬೇಡಿಕೆ ಬಂದಿತೆಂದು ಕಂಡುಕೊಂಡರೆ, ಆ ಹತ್ತು ವರ್ಷ ಕಾದವನು ಕಂಪೆನಿಯಲ್ಲ.

ಕಾಯುವುದರಲ್ಲಿ ಇನ್ನೊಂದು ಬಗೆಯುಂಟು. ಸಾವಯವ ಪ್ರಮಾಣಪತ್ರಕ್ಕೆ 2000ನೆಯ ಇಸವಿಯಲ್ಲಿ ಕೇಂದ್ರ ಸರ್ಕಾರ ರೂಪಿಸಿದ ರಾಷ್ಟ್ರೀಯ ಕಾರ್ಯಕ್ರಮವು, ಭತ್ತದಂಥ ವಾರ್ಷಿಕ ಬೆಳೆಗೆ ಎರಡು ವರ್ಷಗಳ ಪರಿವರ್ತನೆಯ ಅವಧಿಯನ್ನು ವಿಧಿಸುತ್ತದೆ. ಈ ಎರಡು ವರ್ಷಗಳಲ್ಲಿ ಇಳುವರಿ ತಗ್ಗಬಹುದು, ಬೆಲೆ ಮಾತ್ರ ಮಾಮೂಲಿನದೇ. ನಾಲೆಯ ಬಯಲಿನಲ್ಲಿ ಕಷ್ಟ ಮತ್ತೂ ಹೆಚ್ಚು. ಏಕೆಂದರೆ ನಮ್ಮಲ್ಲಿ ನೀರು ತೂಬಿನಿಂದ ನೇರವಾಗಿ ಪ್ರತಿಯೊಂದು ಗದ್ದೆಗೂ ಬರುವುದಿಲ್ಲ, ಮೇಲಿನ ಗದ್ದೆ ತುಂಬಿ ಬದುವಿನ ಬಾಯಿಯಿಂದ ಕೆಳಗಿನ ಗದ್ದೆಗೆ ಇಳಿಯುತ್ತದೆ. ಮೇಲಿನವನು ಬೆಳಗ್ಗೆ ಎರಚಿದ ಯೂರಿಯಾ ಸಂಜೆಗೆ ಕೆಳಗಿನವನ ಸಾವಯವ ಗದ್ದೆಯ ಅತಿಥಿಯಾಗಿರುತ್ತದೆ. ಇದನ್ನು ತಡೆಯಲು ಪಕ್ಕದಲ್ಲಿ ಬಸಿಗಾಲುವೆ ತೆಗೆದು, ಅಂಚಿನ ಒಂದು ಪಟ್ಟಿಯನ್ನು ಬಿಟ್ಟುಕೊಡುವವನು ರೈತನೇ. ಬಿಟ್ಟುಕೊಟ್ಟ ಪಟ್ಟಿಯ ಲೆಕ್ಕ ಯಾವ ಕಂಪೆನಿಯ ಖಾತೆಯಲ್ಲಿಯೂ ಕಾಣಿಸದು.

ಇಷ್ಟೆಲ್ಲ ಆಗಿ ಪ್ರಮಾಣಪತ್ರ ಬಂದಿತೆನ್ನಿ. ಅದು ಯಾರ ಹೆಸರಿನಲ್ಲಿದೆ? ಗುಂಪು ಪ್ರಮಾಣೀಕರಣದ ವೆಚ್ಚವನ್ನು ಕಂಪೆನಿ ಭರಿಸಿ, ರೈತರ ದಾಖಲೆಗಳನ್ನು ತಾನೇ ಇಟ್ಟುಕೊಂಡಿದ್ದರೆ, ಪತ್ರ ಕಂಪೆನಿಯ ಹೆಸರಿನಲ್ಲಿರುವುದು ಸಾಮಾನ್ಯ. ಹೊಲ ರೈತನದು, ಶ್ರಮ ರೈತನದು, ಆದರೆ ಅವನು ಬೇರೊಬ್ಬ ಗಿರಾಕಿಯ ಬಳಿಗೆ ಹೋದ ದಿನ ಅವನ ಭತ್ತ ಬರಿಯ ಭತ್ತ. ಇದು ಸಹಭಾಗಿತ್ವವಲ್ಲ, ಮುಂಗಡವಿಲ್ಲದ ಜೀತವೆಂದು ನಾನು ಬಗೆಯುತ್ತೇನೆ. ಮಾತು ಕಟುವಾಯಿತೆಂದು ತೋರಿದರೆ ಉದ್ಯಮದ ಮಿತ್ರರು ಕ್ಷಮಿಸಬೇಕು. ಕಂಪೆನಿಯ ಹೆಸರಿನ ಪತ್ರಕ್ಕೆ ಪ್ರತಿಯಾಗಿ, ಐವರು ರೈತರಾದರೂ ಕೂಡಿಕೊಂಡು ಪರಸ್ಪರರ ಹೊಲ ನೋಡಿ ಖಾತರಿ ಕೊಡುವ ಪಿ.ಜಿ.ಎಸ್. ಪದ್ಧತಿಯೊಂದಿದೆ. ರಫ್ತಿನ ವ್ಯಾಪಾರಕ್ಕೆ ಅದು ಸಾಲದು; ಬೆಂಗಳೂರು ಮೈಸೂರುಗಳ ಗಿರಾಕಿಗೆ ಸಾಕು.

ಬೆಲೆಯ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 100 ಕಿಲೊ ಭತ್ತ ಗಿರಣಿಗೆ ಹೋದರೆ ಸುಮಾರು 65 ಕಿಲೊ ಅಕ್ಕಿ ಹೊರಬರುತ್ತದೆ. ಉಳಿದುದು ತವುಡು, ನುಚ್ಚು, ಹೊಟ್ಟು. ಸಾವಯವದ ಸರಕಿಗೆ ಮುಂಚೆ ಗಿರಣಿಯನ್ನು ತೊಳೆದಂತೆ ಗುಡಿಸಬೇಕು, ನುಸಿ ಬೀಳದಂತೆ ಮದ್ದಿಲ್ಲದೆ ಕಾಪಾಡಬೇಕು. ಆದುದರಿಂದ ಭತ್ತದ ಬೆಲೆಗೂ ಅಂಗಡಿಯ ಅಕ್ಕಿಯ ಬೆಲೆಗೂ ಇರುವ ಅಂತರವೆಲ್ಲ ಲಾಭವೆಂದು ಕೂಗುವುದು ನ್ಯಾಯವಲ್ಲ. ಆದರೆ ತೇವ ಹೆಚ್ಚಾಯಿತೆಂದು, ಜೊಳ್ಳು ಬಂದಿತೆಂದು ತೂಕದಲ್ಲಿ ಕಡಿತ ಮಾಡುವಾಗ ಅಳೆಯುವ ಯಂತ್ರ ಯಾರ ಕೈಯಲ್ಲಿದೆ, ರೈತ ಅದರ ಮುಖವನ್ನು ನೋಡಬಲ್ಲನೆ, ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಈ ದಿಕ್ಕಿನಲ್ಲಿ ನಮ್ಮವರು ಕೈಕಟ್ಟಿ ಕುಳಿತಿಲ್ಲ. ಅಮೆರಿಕದ ತಂತ್ರಾಂಶ ವೃತ್ತಿಯನ್ನು ಬಿಟ್ಟು ಬಂದ ಮಧುಚಂದನ್ ಅವರು 2015ರಲ್ಲಿ ಸಾವಯವ ಕೃಷಿಕರ ಸಹಕಾರ ಸಂಘವನ್ನು ಕಟ್ಟಿ, ‘ಆರ್ಗ್ಯಾನಿಕ್ ಮಂಡ್ಯ’ ಎಂಬ ಹೆಸರಿನಲ್ಲಿ ಬೆಂಗಳೂರು ಮೈಸೂರು ಹೆದ್ದಾರಿಯ ಬದಿಯಲ್ಲಿ ಅಂಗಡಿ ತೆರೆದರು; ಮದ್ದೂರು ವಡೆಗೆ ಕಾರು ನಿಲ್ಲಿಸುತ್ತಿದ್ದ ದಾರಿಯಲ್ಲಿ ಅಕ್ಕಿ ಬೆಲ್ಲಕ್ಕೂ ಕಾರು ನಿಲ್ಲಬಹುದೆಂಬ ಯೋಚನೆ ಜಾಣತನದ್ದು. 2023ರಲ್ಲಿ ದಶಪಥ ತೆರೆದು ಕಾರುಗಳು ಊರುಗಳನ್ನು ಬಳಸಿಕೊಂಡು ಹೋಗತೊಡಗಿದಾಗ ಹಳೆಯ ರಸ್ತೆಯ ವ್ಯಾಪಾರವೆಲ್ಲ ಕಳೆಗುಂದಿದುದನ್ನು ನಾವು ಕಂಡೆವು. ಒಂದೇ ಬಾಗಿಲನ್ನು ನೆಚ್ಚಬಾರದೆಂಬುದು ಬೆಳೆಗಾರನಿಗೂ ಅನ್ವಯಿಸುತ್ತದೆ. ಇನ್ನೊಂದು ಮಾದರಿ 2010ರಲ್ಲಿ ರೂಪುಗೊಂಡ ಸಹಜ ಸಮೃದ್ಧ ಸಾವಯವ ಉತ್ಪಾದಕರ ಕಂಪೆನಿ. ಕಂಪೆನಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಹುಟ್ಟಿದ ಈ ಬಗೆಯ ಸಂಸ್ಥೆಯಲ್ಲಿ, ಬಿಡಿ ಬೆಳೆಗಾರರೇ ಸದಸ್ಯರಾದಾಗ, ಷೇರು ಎಷ್ಟಿದ್ದರೂ ಒಬ್ಬನಿಗೆ ಒಂದೇ ಮತ. ಬೆಳೆಗಾರನೇ ಕಂಪೆನಿಯಾದಲ್ಲಿ ಹೊರಗಿನ ಕಂಪೆನಿಯೊಡನೆ ಸರಿಸಮನಾಗಿ ಕುಳಿತು ಮಾತನಾಡುವುದು ಸುಲಭ.

ರೈತರ ತಪ್ಪನ್ನು ಹೇಳದೆ ಹೋದರೆ ಈ ಉಪನ್ಯಾಸ ಮುಖಸ್ತುತಿಯಾದೀತು. ಸುಗ್ಗಿಯಲ್ಲಿ ಪೇಟೆಯ ಧಾರಣೆ ಏರಿತೆಂದೊಡನೆ ಒಪ್ಪಿದ ಭತ್ತವನ್ನು ರಾತ್ರೋರಾತ್ರಿ ಬೇರೊಂದು ಲಾರಿಗೆ ಹೇರಿದವರೂ, ರಾಜಮುಡಿಯ ಮೂಟೆಯ ತಳಕ್ಕೆ ಜ್ಯೋತಿ ತಳಿಯ ಭತ್ತವನ್ನು ಸುರಿದವರೂ ನಮ್ಮ ನಡುವೆ ಇದ್ದಾರೆ. ಮುಂಗಡ ಹಣ ಕೊಟ್ಟು ಬರಿಗೈಯಲ್ಲಿ ನಿಂತ ಸಣ್ಣ ಉದ್ಯಮಿಗೂ ಸಾಲವುಂಟು, ಸಂಸಾರವುಂಟು.

ಬೀಜದ ಮಾತು ಉಳಿದಿದೆ. ಇದೇ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ ಅವು ನಾಡಿಗೆಲ್ಲ ಹರಡಿದವು; ಒಡೆತನದ ಚರ್ಚೆ ಏಳಲಿಲ್ಲ. ಇಂದು ಆ ನಿಶ್ಚಿಂತೆ ಸಾಧ್ಯವಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ರೈತರ ತಳಿಯನ್ನು ರೈತರ ಹೆಸರಿನಲ್ಲಿ ನೋಂದಾಯಿಸಲು ಅವಕಾಶ ಕೊಟ್ಟಿದೆ. ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಬ್ರಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನೂ ರೈತನಿಗೆ ಎತ್ತಿಹಿಡಿದಿದೆ. ಕಂಪೆನಿಯ ಕರಾರುಪತ್ರದಲ್ಲಿ ಈ ಹಕ್ಕನ್ನು ಮೊಟಕುಗೊಳಿಸುವ ಒಂದು ಪದವಿದ್ದರೂ ರುಜು ಹಾಕತಕ್ಕದ್ದಲ್ಲ.

ಹಾಗಾದರೆ ಕರಾರಿನಲ್ಲಿ ಇರತಕ್ಕದ್ದೇನು? ಪರಿವರ್ತನೆಯ ಎರಡು ವರ್ಷಗಳಲ್ಲಿಯೂ ಮಾಮೂಲಿಗಿಂತ ಮೇಲಾದ ಒಂದು ದರ. ಪ್ರಮಾಣಪತ್ರ ರೈತರ ಗುಂಪಿನ ಹೆಸರಿನಲ್ಲಿ. ತೂಕವೂ ತೇವಮಾಪನವೂ ಕಣದಲ್ಲಿ, ಇಬ್ಬರ ಕಣ್ಣೆದುರಿನಲ್ಲಿ. ಕಬ್ಬಿಗೆ ಇರುವಂತೆಯೇ 14 ದಿನಗಳ ಗಡುವೂ ಬಡ್ಡಿಯೂ. ತಾಯಿಬೀಜದ ಪಾತಿಯನ್ನು ಕಾಯುವವನಿಗೆ ಮಾರಾಟದ ಮೇಲೆ ಒಂದು ಪಾಲು. ಒಪ್ಪಿದ ಭತ್ತವನ್ನು ಬೇರೆಡೆಗೆ ಸಾಗಿಸಿದವನನ್ನು ಗುಂಪೇ ಹೊರಗಿಡುವ ನಿಯಮವೂ ಅದೇ ಪತ್ರದಲ್ಲಿರಲಿ. ಪತ್ರ ಕನ್ನಡದಲ್ಲಿರಬೇಕು, ಒಂದು ಪ್ರತಿ ರೈತನ ಮನೆಯಲ್ಲಿರಬೇಕು, ರುಜುಗಳು ನಾಲೆಗೆ ನೀರು ಬಿಡುವುದಕ್ಕೆ ಮುಂಚೆಯೇ ಬಿದ್ದಿರಬೇಕು. ಒಟ್ಲು ಹಾಕಿದ ಮೇಲೆ ಗದ್ದೆಯವನಿಗೆ ಚೌಕಾಸಿ ಮಾಡಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ.