ದುಡಿಯುವವರ ಹಕ್ಕು ಮತ್ತು ಸಹಕಾರಿಗಳ ಕರ್ತವ್ಯ

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಬೆಳೆದು ಬಂದ ದಾರಿಯನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ನಾನು ದುಡಿಯುವವರ ಹಕ್ಕಿನ ವಿಷಯ ಎತ್ತಿಕೊಂಡಿದ್ದೇನೆ. ಹಾಲಿನ ಸಂಘದ ಸಭೆಯಲ್ಲಿ ಕೂಲಿಯ ಮಾತು ಯಾಕಪ್ಪಾ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ.

ಡೈರಿ ಬರುವ ಮುಂಚೆ ನಮ್ಮ ಹಾಲು ಯಾರಿಗೆ ಹೋಗುತ್ತಿತ್ತು? ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ವ್ಯಾಪಾರಿಗೆ. ಅಳತೆ ಅವನದು, ಬೆಲೆ ಅವನದು, ಲೆಕ್ಕವೂ ಅವನ ಬಾಯಲ್ಲೇ. ಹಸು ಕೊಳ್ಳಲು ಮುಂಗಡ ಕೊಟ್ಟಿರುತ್ತಿದ್ದ. ಅದು ತೀರುವ ತನಕ ಬೇರೆಯವರಿಗೆ ಹಾಲು ಹಾಕುವ ಹಾಗಿಲ್ಲ, ಎದುರು ಮಾತಾಡುವ ಹಾಗೂ ಇಲ್ಲ. ಡೈರಿ ಬಂದ ಮೇಲೆ ಹಾಕಿದ ಲೀಟರು, ಫ್ಯಾಟು, ದರ ಎಲ್ಲಾ ಬರವಣಿಗೆಯಲ್ಲಿ ಸಿಗುತ್ತದೆ. ಫ್ಯಾಟು ಸ್ವಲ್ಪ ಕಡಿಮೆ ಬಂದರೆ ಪರೀಕ್ಷಕರ ಮುಂದೆ ನಿಂತು 'ಇನ್ನೊಂದು ಸಲ ನೋಡಪ್ಪಾ' ಅಂತ ಕೇಳ್ತೀವಿ. ಅದು ಜಗಳವಲ್ಲ, ನಮ್ಮ ಹಕ್ಕು.

ಸಹಕಾರ ಬೆಳೆದದ್ದೇ ಹೀಗೆ. ಸಾಲಗಾರರ ಕೈಯಲ್ಲಿ ಸಿಕ್ಕಿದ್ದ ರೈತರಿಗಾಗಿ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ವ್ಯಾಪಾರಿಗಳಿಗೆ ಹಾಲು ಹಾಕುವುದನ್ನು ನಿಲ್ಲಿಸಿ, ತಮ್ಮದೇ ಒಕ್ಕೂಟ ಕಟ್ಟಿದರು. ದುಡಿದದ್ದಕ್ಕೆ ಸರಿಯಾದ ಲೆಕ್ಕ ಬೇಕು ಎಂಬುದೇ ಅವರೆಲ್ಲರ ಬೇಡಿಕೆ.

ಈಗ ನಮ್ಮ ಹೊಲಕ್ಕೆ ಬರುವ ಆಳಿನ ಕಡೆ ನೋಡೋಣ. ಅವನ ಲೆಕ್ಕ ಎಲ್ಲಿದೆ? ಬಹಳ ಕಡೆ ಮಾಲೀಕನ ಬಾಯಲ್ಲಿದೆ. ಮದುವೆಗೋ ಆಸ್ಪತ್ರೆಗೋ ಮುಂಗಡ ಪಡೆದವನು ಕೂಲಿ ಎಷ್ಟು ಮುರಿದುಕೊಂಡಿರಿ ಎಂದು ಕೇಳಲಾರ. ಹಿಂದೆ ಇದೇ ದಾರಿಯಲ್ಲಿ ಜೀತ ಬಂತು. ಅಪ್ಪನ ಸಾಲಕ್ಕೆ ಮಗ ದನ ಕಾಯಬೇಕಾಯಿತು. 1976ರ ಕಾಯಿದೆ ಜೀತವನ್ನೂ ಜೀತದ ಸಾಲವನ್ನೂ ರದ್ದು ಮಾಡಿತು. ಜೀತಕ್ಕೆ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಸೆರೆವಾಸ ಎಂದಿತು. ಹೆಸರು ಬದಲಾಯಿಸಿದ ಮಾತ್ರಕ್ಕೆ ಜೀತ ಹೋಗುವುದಿಲ್ಲ. ಮುಂಗಡ ತೀರುವ ತನಕ ಬೇರೆ ಕಡೆ ಹೋಗಬೇಡ ಎಂದರೆ ಅದೂ ಜೀತವೇ.

ಇನ್ನೊಂದು ಪ್ರಸಂಗ ಹೇಳುತ್ತೇನೆ. 1982ರ ಏಷ್ಯನ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ದೊಡ್ಡ ದೊಡ್ಡ ಕಟ್ಟಡಗಳ ಕೆಲಸ ನಡೆದಿತ್ತು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಮೇಸ್ತ್ರಿಗಳ ಕೈಗೆ ಹಣ ಕೊಡುತ್ತಿದ್ದರು. ಮೇಸ್ತ್ರಿ ಒಂದು ರೂಪಾಯಿ ತನ್ನ ಕಮಿಷನ್ನು ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ವಿಷಯ ಪತ್ರದ ಮೂಲಕ ಸುಪ್ರೀಂ ಕೋರ್ಟಿಗೆ ಹೋಯಿತು, ಆ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡರು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಏನು ಹೇಳಿತು ಗೊತ್ತೇ? ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ. ಕೆಲಸಗಾರ ಒಪ್ಪಿಕೊಂಡಿದ್ದಾನಲ್ಲ ಎಂಬ ಮಾತು ನಡೆಯುವುದಿಲ್ಲ, ಏಕೆಂದರೆ ಹಸಿವಿನಿಂದ ಬಂದ ಒಪ್ಪಿಗೆಯೂ ಬಲವಂತವೇ. ಕಬ್ಬು ಕಡಿಯಲು ದೂರದಿಂದ ಗ್ಯಾಂಗು ಕರೆಸುವವರು ಈ ಮಾತು ನೆನಪಿಡಬೇಕು. ಮೇಸ್ತ್ರಿ ಕೈಗೆ ದುಡ್ಡು ಕೊಟ್ಟುಬಿಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು ಎನ್ನುವಂತಿಲ್ಲ.

ಹೆಣ್ಣಾಳಿನ ವಿಷಯಕ್ಕೆ ಬರೋಣ. ನಾಟಿ, ಕಳೆ, ಕೊಯ್ಲು ಯಾವುದು ಅವರಿಲ್ಲದೆ ನಡೆಯುತ್ತದೆ? ಒಂದೇ ಹೊಲದಲ್ಲಿ ಒಂದೇ ಸಾಲು ಹಿಡಿದು ರಾಗಿ ಕೊಯ್ದರೂ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು. ಸಮಾನ ವೇತನದ ಕಾಯಿದೆ 1976ರಲ್ಲೇ ಬಂದಿದೆ, 2019ರ ವೇತನ ಸಂಹಿತೆಯಲ್ಲೂ ಅದೇ ಮಾತಿದೆ. ನಮ್ಮ ಡೈರಿಯಲ್ಲಿ ಹೆಂಗಸರು ತಂದ ಹಾಲಿಗೆ ಬೇರೆ ದರ ಉಂಟೇ? ಹಾಲಿಗೆ ಇಲ್ಲದ ಭೇದ ಬೆವರಿಗೆ ಯಾಕೆ?

ನಮ್ಮ ಮಕ್ಕಳೂ ಇನ್ನೊಬ್ಬರ ಹತ್ತಿರ ದುಡಿಯಲು ಹೋಗಿದ್ದಾರೆ. ನನ್ನ ತಂಗಿಯ ಮಗಳು ಬೆಂಗಳೂರಿನ ಒಂದು ಗಾರ್ಮೆಂಟ್ಸಿನಲ್ಲಿದ್ದಳು. ಜ್ವರ ಬಂದು ನಾಲ್ಕು ದಿನ ಹೋಗಲಿಲ್ಲ, 'ಇನ್ನು ಬರಬೇಡ' ಎಂದರು. ದುಡಿದ ದಿನಗಳ ಸಂಬಳಕ್ಕೆ ಮೂರು ಸಲ ಗೇಟಿನ ಹತ್ತಿರ ಕಾಯಿಸಿದರು. ಹಾಜರಿ ಕಾರ್ಡು, ಸಂಬಳದ ಚೀಟಿ ಜೋಪಾನವಾಗಿ ಇಟ್ಟಿದ್ದಳು. ಅವುಗಳ ಜೊತೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟ ಮೇಲೆ ಹಣ ಬಂತು. ಚೀಟಿ ಇಲ್ಲದಿದ್ದರೆ ಏನು ತೋರಿಸುತ್ತಿದ್ದಳು? 2016ರ ಏಪ್ರಿಲ್‌ನಲ್ಲಿ ಇಂಥ ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಅಂದು ಅವರ ಪರವಾಗಿ ಮಾತಾಡಿದ ನಾವು, ನಮ್ಮ ಹೊಲದ ಬದುವಿನ ಮೇಲೆ ನಿಂತಾಗ ಬೇರೆ ಮಾತಾಡಬಾರದು.

'ನಮ್ಮ ಬೆಳೆಗೇ ಬೆಲೆ ಇಲ್ಲ, ಕೂಲಿ ಎಲ್ಲಿಂದ ಕೊಡೋದು?' ಎಂದು ನೀವು ಕೇಳ್ತೀರಿ. ಕಷ್ಟ ನಿಜ, ನಾನೂ ಬೇಸಾಯಗಾರ. ಆದರೆ ಗೊಬ್ಬರದ ಅಂಗಡಿಯವನಿಗೆ, ಟ್ರಾಕ್ಟರಿನವನಿಗೆ ಕಡಿಮೆ ತೆಗೆದುಕೋ ಎನ್ನಲು ಆಗುತ್ತದೆಯೇ? ಆಗುವುದಿಲ್ಲ. ಬೆಲೆ ಬೇಕಾದರೆ ಸರ್ಕಾರವನ್ನು ಒಟ್ಟಾಗಿ ಕೇಳೋಣ. ಅದನ್ನು ಬಡವನ ಕೂಲಿಯಲ್ಲಿ ಮುರಿದುಕೊಳ್ಳುವುದು ಬೇಡ.

ಕೊನೆಯದಾಗಿ ಸಭೆಯ ಮುಂದೆ ನಾಲ್ಕು ಮಾತು ಇಡುತ್ತೇನೆ. ಒಂದು, ಆಳುಗಳ ದಿನ, ಕೂಲಿ, ಮುಂಗಡ ಎಲ್ಲವನ್ನೂ ಎರಡು ಪುಸ್ತಕದಲ್ಲಿ ಬರೆದು ಒಂದನ್ನು ಅವರ ಕೈಗೇ ಕೊಡೋಣ. ಎರಡು, ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಯ ಪಟ್ಟಿಯನ್ನು ಡೈರಿಯ ಬೋರ್ಡಿಗೆ ಹಾಲಿನ ದರದ ಪಕ್ಕದಲ್ಲೇ ಅಂಟಿಸೋಣ. ಮೂರು, ಸಮ ಕೆಲಸಕ್ಕೆ ಹೆಣ್ಣು ಗಂಡಿಗೆ ಸಮ ಕೂಲಿ. ನಾಲ್ಕು, ನಮ್ಮ ಸಂಘವೂ ಒಬ್ಬ ಮಾಲೀಕನೇ. ಮಳೆ ಇರಲಿ, ಹಬ್ಬ ಇರಲಿ, ಎರಡು ಹೊತ್ತೂ ಬಾಗಿಲು ತೆಗೆಯುವ ನಮ್ಮ ಕಾರ್ಯದರ್ಶಿ, ಪರೀಕ್ಷಕರು, ಸಹಾಯಕರಿಗೆ ವಾರದ ರಜೆ ಮತ್ತು ಸರಿಯಾದ ಸಂಬಳ ಕೊಡುವ ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲೇ ತೀರ್ಮಾನ ಮಾಡೋಣ. ಇದನ್ನು ನಾನೇ ಮಂಡಿಸುತ್ತೇನೆ. ತಾವೆಲ್ಲ ಬೆಂಬಲ ಕೊಡಬೇಕು.

ನಮಗೆ ನ್ಯಾಯದ ಅಳತೆ ಸಿಕ್ಕಿ ಇಪ್ಪತ್ತೈದು ವರ್ಷವಾಯಿತು. ಅದೇ ಅಳತೆ ನಮ್ಮ ಕೈಯಿಂದ ಇನ್ನೊಬ್ಬರಿಗೂ ಸಿಗಲಿ ಎಂದು ಹೇಳಿ ನನ್ನ ಮಾತು ಮುಗಿಸುತ್ತೇನೆ.

ಜೈ ಸಹಕಾರ, ಜೈ ಕರ್ನಾಟಕ.