ಹರಕೆಯೂ ಇರಲಿ, ಆಸ್ಪತ್ರೆಯೂ ಇರಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಎಂಟನೇ ತರಗತಿಗೆ ಸೇರಿದ ದಿನ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಈ ಶಾಲೆಗೆ ಕರೆತಂದವರು ನನ್ನ ಚಿಕ್ಕಪ್ಪ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅವರು ಇರಲಿಲ್ಲ. ಒಂದು ಮಳೆಗಾಲದ ರಾತ್ರಿ ನೆಲದ ಮೇಲೆ ಮಲಗಿದ್ದವರು ಹೊಟ್ಟೆನೋವೆಂದು ಎದ್ದರು. ಕಾಲಿನಲ್ಲಿ ಸೂಜಿ ಚುಚ್ಚಿದಂಥ ಗುರುತು, ಊತವಿಲ್ಲ, ಉರಿಯಿಲ್ಲ. ಮಂತ್ರ ಹಾಕಿಸಿ, ತೀರ್ಥ ಕುಡಿಸಿ, ದೇವರಿಗೆ ಮುಡಿಪು ಕಟ್ಟಿದೆವು. ಬೆಳಗಾಗುವಷ್ಟರಲ್ಲಿ ಅವರಿಗೆ ರೆಪ್ಪೆ ಎತ್ತಲು ಆಗಲಿಲ್ಲ. ಗಾಡಿ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತು. ಅದು ಕಟ್ಟುಹಾವಿನ ಕಡಿತವೆಂದು ನನಗೆ ತಿಳಿದದ್ದು ವೈದ್ಯಕೀಯ ಓದುವಾಗ.

ಹಾಗೆಂದು ನಂಬಿಕೆಯನ್ನು ಹಳಿಯಲು ನಾನು ಇಲ್ಲಿ ನಿಂತಿಲ್ಲ. ನಮ್ಮ ಹಿರಿಯರು ಸಿಡುಬನ್ನು 'ಅಮ್ಮ' ಎಂದು ಕರೆದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಒಗ್ಗರಣೆ ನಿಲ್ಲಿಸಿದರು, ಹೊರಗಿನವರನ್ನು ಒಳಗೆ ಬಿಡಲಿಲ್ಲ. ಆ ರೋಗಕ್ಕೆ ಮದ್ದೇ ಇಲ್ಲದ ಕಾಲದಲ್ಲಿ ರೋಗಿಗೆ ವಿಶ್ರಾಂತಿ ಸಿಕ್ಕಿತು, ನೆರೆಮನೆಗೆ ಸೋಂಕು ಹರಡುವುದು ಸ್ವಲ್ಪವಾದರೂ ತಗ್ಗಿತು. ಭಕ್ತಿಯ ಒಳಗೇ ಆರೈಕೆಯೂ ಇತ್ತು.

ಮದ್ದು ಬಂದಾಗ ಏನಾಯಿತು? ಜೆನ್ನರ್ 1796ರಲ್ಲಿ ಕಂಡುಹಿಡಿದ ಲಸಿಕೆ ಹತ್ತೇ ವರ್ಷಗಳಲ್ಲಿ ಮೈಸೂರು ಅರಮನೆಯನ್ನು ಮುಟ್ಟಿತು. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡರು. ಅದನ್ನು ಕಂಡು ಪ್ರಜೆಗಳ ಅಂಜಿಕೆಯೂ ಕಡಿಮೆಯಾಯಿತು. ಚಾಮುಂಡೇಶ್ವರಿಯ ಪೂಜೆ ಆ ಅರಮನೆಯಲ್ಲಿ ನಿಲ್ಲಲಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತು ಸಿಡುಬಿನಿಂದ ಮುಕ್ತವೆಂದು ಸಾರಿತು. ಮಾರಮ್ಮನ ಜಾತ್ರೆ ಇಂದಿಗೂ ನಡೆಯುತ್ತಿದೆ, ಸಿಡುಬು ಮಾತ್ರ ಇಲ್ಲ.

ಹಾವಿನ ವಿಷಯದಲ್ಲಿ ನಾವು ಇನ್ನೂ ಆ ಹೆಜ್ಜೆ ಇಟ್ಟಿಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಡಿದು ಸಾಯುತ್ತಾರೆಂದು ಅಧ್ಯಯನದ ಅಂದಾಜು. ಹೆಚ್ಚಿನವರು ನಮ್ಮಂತೆ ಹೊಲಗದ್ದೆಯ ಜನ. ಮಂತ್ರದಿಂದ ಬದುಕಿದವರೂ ಇದ್ದಾರಲ್ಲ ಎಂದು ನೀವು ಕೇಳಬಹುದು. ಇದ್ದಾರೆ. ಬಹಳಷ್ಟು ಹಾವುಗಳಿಗೆ ವಿಷವೇ ಇಲ್ಲ. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಮಂತ್ರವಿಲ್ಲದಿದ್ದರೂ ಬದುಕುತ್ತಿದ್ದರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ವಿಷ ಬಿಟ್ಟರೆ ಮಾತ್ರ ಪ್ರತಿವಿಷದ ಚುಚ್ಚುಮದ್ದೇ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. 2024ರಿಂದ ನಮ್ಮ ರಾಜ್ಯದಲ್ಲಿ ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು.

ಮಕ್ಕಳೇ, ಇದನ್ನು ಮನೆಯಲ್ಲಿ ಹೇಳಿ. ಗಾಯ ಕುಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗ ಬಿಗಿಯಬಾರದು. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಕಡಿತಕ್ಕೊಳಗಾದವರನ್ನು ನಡೆಸಬೇಡಿ, ಕೈಕಾಲು ಅಲುಗಾಡಿಸಬೇಡಿ. 108ಕ್ಕೆ ಕರೆ ಮಾಡಿ. ದೇವರಿಗೆ ಹರಕೆ ಹೊರುವುದಿದ್ದರೆ ಆಂಬುಲೆನ್ಸಿನಲ್ಲಿ ಕುಳಿತೇ ಹೊತ್ತುಕೊಳ್ಳಿ. ದೇವರಿಗೆ ಅಲ್ಲಿಂದಲೂ ಕೇಳಿಸುತ್ತದೆ.

ಮಗನನ್ನು ಕಳೆದುಕೊಂಡ ನಮ್ಮಜ್ಜಿ ಕೊನೆಯವರೆಗೂ ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆದರು. ನಾನು ಡಾಕ್ಟರಾದ ವರ್ಷ ಒಂದು ಮಾತು ಹೇಳಿದರು: "ದೇವರು ಕೈಬಿಡಲಿಲ್ಲ ಮಗಾ, ನಾವೇ ಹೊತ್ತು ಕಳೆದುಬಿಟ್ಟೆವು." ಮಳೆಗಾಲದ ರಾತ್ರಿ ನನ್ನ ಆಸ್ಪತ್ರೆಯ ಬಾಗಿಲು ತಟ್ಟಿದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ನೀವೂ ನೆನಪಿಟ್ಟುಕೊಳ್ಳಿ.